ಪಂಚಮಿಗೆ ನಿಲ್ಲಿಸಿಟ್ಟ ಆಟ

೨೦೦೬, ನಾಗರಪಂಚಮಿಗೆ ಎರಡು ದಿನ ಮೊದಲು, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಗಜೇಂದ್ರಗಡದ ತನ್ನ ಕಂಪ್ಯೂಟರ್ ಟೈಪಿಂಗ್ ಕ್ಲಾಸಿನ ಬಾಗಿಲು ಅರ್ಧ ಎಳೆದುಕೊಂಡು ಶಬನಮ ಒಬ್ಬಳೇ ಇಬ್ಬರ ಆಟ ಆಡುತ್ತಿದ್ದಳು. ಬಲಗೈಯಲ್ಲಿ ಹಳೆಯ ಜಾಯ್‌ಸ್ಟಿಕ್, ಎಡಗೈ ಕೀಬೋರ್ಡಿನ ಮೇಲೆ. ಬಲಗೈ ಅವಳ ಪರ; ಎಡಗೈ ಗೆಳತಿ ರೇಣವ್ವನ ಪರ.

ಅವಳ ತಂದೆ ಕಾಶೀಂಸಾಬ ಸೀರೆ ವ್ಯಾಪಾರಕ್ಕೆ ಮುಂಬಯಿಗೆ ಹೋಗುವವರು. ಎಂಬತ್ತೇಳರಲ್ಲಿ ಅಲ್ಲಿಂದ ಟಿವಿಗೆ ಜೋಡಿಸುವ ಪುಟ್ಟ ಕಂಪ್ಯೂಟರನ್ನೂ ಎರಡು ಜಾಯ್‌ಸ್ಟಿಕ್‌ಗಳನ್ನೂ ತಂದರು. ಹುಡುಗಿಯರಿಗೆ ಅವು ಹಿಡಿಕೆಗಳು. ಪರದೆಯ ಎರಡು ಬದಿಗೆ ಎರಡು ಪಟ್ಟಿ, ನಡುವೆ ಪುಟಿಯುವ ಚೆಂಡು; ಮೊದಲು ಇಪ್ಪತ್ತೊಂದು ಅಂಕ ಮಾಡಿದವರು ಗೆದ್ದಂತೆ. ಪಕ್ಕದ ಮನೆಯ ನೇಕಾರರ ಮಗಳು ರೇಣವ್ವನದು ಮಗ್ಗದಲ್ಲಿ ಪಳಗಿದ ಕೈ.

"ಇದನ್ನೇನ ಲಾಳಿ ಅನಕೊಂಡಿ? ಮೆಲ್ಲಕ ಹಿಡಿ, ಮುರೀತೈತಿ," ಎಂದು ಶಬನಮ ಬೈಯುವಳು.

"ಸೋಲಾಕ ಹತ್ತೀದಿ, ಅದಕ ಹಿಡಿಕಿ ಚಿಂತಿ ನಿನಗ," ಎನ್ನುವಳು ರೇಣವ್ವ.

ರೇಣವ್ವನಿಗೆ ಮದುವೆಯ ಅರಿಶಿನ ಹಚ್ಚುವ ಹಿಂದಿನ ಸಂಜೆ, ಆಟದ ನಡುವೆ ಕರೆಂಟ್ ಹೋಯಿತು. ಆ ಯಂತ್ರಕ್ಕೆ ಏನನ್ನೂ ನೆನಪಿಡಲು ಬರುತ್ತಿರಲಿಲ್ಲ. ಕತ್ತಲಲ್ಲಿ ಶಬನಮಳೇ ಅಂಕ ಕೂಗಿ ಹೇಳಿದಳು. ಮದುವೆಯಾಗಿ ಗಂಡನ ಮನೆ ನರಗುಂದಕ್ಕೆ ಹೊರಟ ಗೆಳತಿಯ ಕೈಗೆ ಒಂದು ಹಿಡಿಕೆ ಇಟ್ಟಳು. "ಪಂಚಮಿಗೆ ಬರ್ತಿಯಲ್ಲ, ತಗೊಂಡ ಬಾ."

ಆ ವರ್ಷವೇ ರೇಣವ್ವನ ತವರಿನವರು ಮಗ್ಗ ಮಾರಿ ಇಳಕಲ್ಲಿಗೆ ಹೋದರು. ಪಂಚಮಿಗೆ ಅವಳನ್ನು ಕರೆಯುವ ಮನೆ ಗಜೇಂದ್ರಗಡದಲ್ಲಿ ಉಳಿಯಲಿಲ್ಲ. ಕರೆಯದೆ ಬರುವ ಪದ್ಧತಿಯಿಲ್ಲ.

ಕಂಪ್ಯೂಟರು ಎಂದೋ ಸುಟ್ಟುಹೋಯಿತು. ಬಹಳ ವರ್ಷಗಳ ನಂತರ ಶಬನಮಳಿಗೆ ಒಂದು ಸಿಡಿಯಲ್ಲಿ ಎಮ್ಯುಲೇಟರ್ ಸಿಕ್ಕಿತು: ಹೊಸ ಕಂಪ್ಯೂಟರನ್ನು ಹಳೆಯದರಂತೆ ನಡೆಸುವ ತಂತ್ರಾಂಶ. ಅದೇ ಆಟ, ಅದೇ ಟಿಕ್ ಸದ್ದು. ಹಳೆಯ ಹಿಡಿಕೆ ಸಿಕ್ಕಿಸಲು ಮಾತ್ರ ಹೊಸ ಯಂತ್ರದಲ್ಲಿ ಜಾಗವಿರಲಿಲ್ಲ. ಕೆಟ್ಟ ಕೀಬೋರ್ಡೊಂದನ್ನು ಬಿಚ್ಚಿ, ಅದರ ಬೋರ್ಡಿಗೆ ಹಿಡಿಕೆಯ ತಂತಿಗಳನ್ನು ಬೆಸೆದಳು. ಹಿಡಿಕೆ ವಾಲಿದರೆ ಕಂಪ್ಯೂಟರಿಗೆ ಕೀಲಿ ಒತ್ತಿದಂತೆ. ರೇಣವ್ವನ ಬಳಿಯಿರುವ ಹಿಡಿಕೆ ಬಂದರೆ ಜೋಡಿಸಲೆಂದು ಅದಕ್ಕೂ ಬೋರ್ಡಿನಲ್ಲಿ ತಂತಿ ಬೆಸೆದಿಟ್ಟಳು. ಆಟವನ್ನು ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ ಉಳಿಸಿಡುವುದೂ ಎಮ್ಯುಲೇಟರಿಗೆ ಗೊತ್ತಿತ್ತು. ಪಂಚಮಿಗೆ ಎರಡು ದಿನ ಮೊದಲಿನ ಆ ಬೆಳಿಗ್ಗೆ, ಎರಡೂ ಕೈಯಿಂದ ಆಡಿ, ಅಂಕಗಳನ್ನು ಅಂದು ಕರೆಂಟ್ ಹೋದಾಗಿನ ಜಾಗಕ್ಕೇ ತಂದು ನಿಲ್ಲಿಸಿದಳು. ಆಮೇಲೆ ರೋಣದ ಬಸ್ ಹತ್ತಿ, ಅಲ್ಲಿಂದ ನರಗುಂದಕ್ಕೆ ಹೋದಳು. ಕರೆಯುವ ಮನೆ ತನ್ನದೇ ಯಾಕಾಗಬಾರದು?

"ಪಂಚಮಿಗೆ ಕರಿಯಾಕ ಅಣ್ಣಗೋಳು ಬರೂದ ನೋಡೀನಿ. ಕಂಪ್ಯೂಟರ್ ಅಕ್ಕೋರು ಬಂದಿದ್ದ ಇದ ಮೊದಲ!" ರೇಣವ್ವನ ಅತ್ತೆ ಉಡಚವ್ವ ಹಾಸಿಗೆಯಿಂದಲೇ ನಕ್ಕರು. ಅವರ ಕಾಲಿಗೆ ಹೊಸ ಪ್ಲಾಸ್ಟರ್. ರೇಣವ್ವ ಅವರನ್ನು ಬಿಟ್ಟು ಬರುವಂತಿರಲಿಲ್ಲ.

ನಿಲ್ಲಿಸಿಟ್ಟ ಆಟದ ಸುದ್ದಿ ಕೇಳಿ ಅವಳು ಟ್ರಂಕಿನಿಂದ ಹಿಡಿಕೆ ತಂದಳು. ಕೈ ಹಿಡಿಯುವ ಜಾಗ ಸವೆದು ಹೊಳೆಯುತ್ತಿತ್ತು.

"ಒಯ್ಯಿ. ಯಾರರ ಆಡಿ ಮುಗಸ್ಲಿ."

ಶಬನಮ ಕೈ ಹಿಂದೆಳೆದುಕೊಂಡಳು. "ಒಯ್ಯಾಂಗಿಲ್ಲ. ಇದನ್ನ ಕೊಟ್ರ ನೀ ಬರಾಂಗಿಲ್ಲ."

"ಬಂದ್ರ ಸೋಲ್ತಿ ನೋಡ."

"ಸೋಲಾಕನ ಕಾಯಾಕ ಹತ್ತೀನಿ."

ಮರುವರ್ಷವೂ ಹೋಗಿ ಕರೆದಳು. ರೇಣವ್ವನ ಹೊಲಕ್ಕೆ ಕಾಲುವೆ ನೀರಿನ ಪಾಳಿ ಬಂದಿತ್ತು. ಅದರ ಮರುವರ್ಷ ರೇಣವ್ವನ ಮಗಳ ಬಾಣಂತನ. ಕ್ಲಾಸಿನ ಕಂಪ್ಯೂಟರು ಬದಲಾದಾಗ ಶಬನಮ ಆ ಆಟವನ್ನೂ ಹೊಸದಕ್ಕೆ ದಾಟಿಸಿದಳು. ಎರಡನೆಯ ಹಿಡಿಕೆಯ ತಂತಿಗಳ ತುದಿಗೆ ಟೇಪು ಸುತ್ತಿದೆ. ಪಂಚಮಿ ಹತ್ತಿರವಾದರೆ ಒಮ್ಮೆ ತೆರೆದು ನೋಡುತ್ತಾಳೆ, ಮುಟ್ಟುವುದಿಲ್ಲ. ಚೆಂಡು ನಡುವೆ ನಿಂತಿದೆ. ಅಂಕ, ಅಂದು ಕತ್ತಲಲ್ಲಿ ಅವಳು ಕೂಗಿ ಹೇಳಿದ್ದೇ: "ನಿಂದ ಇಪ್ಪತ್ತ, ನಂದ ಹತ್ತೊಂಬತ್ತ."