ಬೆನ್ನು ತಿರುಗಿಸಿ ನಿಂತ ಅವ್ವ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಬರೆಯಲು ಕಲಿಸಿದ ನಾನು, ನಿವೃತ್ತನಾದ ಮೇಲೆ ಹೆಸರು ಅಳಿಸುವ ಕೆಲಸಕ್ಕೆ ಸೇರಿಕೊಂಡಿದ್ದೆ. ಯಾರೂ ಕೊಟ್ಟ ಕೆಲಸವಲ್ಲ, ಸಂಬಳವೂ ಇಲ್ಲ. ಆದರೂ ಒಂದು ತಿಂಗಳು ತಪ್ಪಿಸಿದವನಲ್ಲ.

ಕೆಲಸದ ಜಾಗ ಸೋಮವಾರಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಹಂಚಿನ ಮನೆ. ನಮಗೆ ಡ್ರಾಯಿಂಗ್ ಕಲಿಸಿದ ಮೇಷ್ಟ್ರು ಅಲ್ಲಿದ್ದರು. ಅವರು ಹೋದ ಮೇಲೆ ಮಗಳು ಸೀತಕ್ಕ ಅಟ್ಟದಲ್ಲಿದ್ದ ಚಿತ್ರಗಳನ್ನೆಲ್ಲ ಇಳಿಸಿ, ಧೂಳು ಒರೆಸಿ, ಗೋಡೆಗೆ ತೂಗುಹಾಕಿ ಮನೆಯನ್ನೇ ಚಿತ್ರಶಾಲೆ ಮಾಡಿದರು. ಅಡುಗೆಮನೆಯೊಂದು ಉಳಿಯಿತು. ಅಲ್ಲಿಂದ ನೋಡುಗರಿಗೆಲ್ಲ ಬೆಲ್ಲದ ಕಾಫಿ ಬರುತ್ತದೆ.

ಹೊರಗಿನಿಂದ ಬಂದವರು ಹತ್ತು ನಿಮಿಷದಲ್ಲಿ ನೋಡಿ ಮುಗಿಸಿ, "ವಂಡರ್‌ಫುಲ್" ಎಂದು ಫೋಟೋ ತೆಗೆದುಕೊಂಡು ಹೊರಡುತ್ತಾರೆ. ನಮ್ಮವರು ಹಾಗಲ್ಲ. ಅವರಿಗೆ ಬಣ್ಣ, ನೆರಳು ಯಾವುದೂ ಬೇಡ. "ಇದು ಯಾರ ಮನೆಯವರು?" ಎಂಬುದು ಇತ್ಯರ್ಥವಾಗದೆ ಮುಂದಿನ ಚಿತ್ರಕ್ಕೆ ಕಾಲಿಡುವುದಿಲ್ಲ. ಬಿಟ್ಟಂಗಾಲದಿಂದ ಬಂದ ಹಿರಿಯರೊಬ್ಬರು ಒಂದು ಚಿತ್ರದಲ್ಲಿದ್ದ ಮನುಷ್ಯರಲ್ಲಿ ಯಾರನ್ನೂ ಗುರುತಿಸಲಿಲ್ಲ. ಜೀಪಿನ ಪಕ್ಕ ಮಲಗಿದ್ದ ನಾಯಿಯನ್ನು ಮಾತ್ರ ಹೆಸರು ಹಿಡಿದು ಕರೆದು ಕಣ್ಣೊರೆಸಿಕೊಂಡರು.

ಮೇಷ್ಟ್ರು ಯಾವ ಚಿತ್ರಕ್ಕೂ ಹೆಸರು ಬರೆದಿರಲಿಲ್ಲ. ಹಾಗಾಗಿ ಸೀತಕ್ಕ ಪ್ರತಿ ಚಿತ್ರದ ಕೆಳಗೂ ಒಂದು ಬಿಳಿ ಹಾಳೆ ಅಂಟಿಸಿ, ದಾರದಲ್ಲಿ ಒಂದು ಪೆನ್ಸಿಲು ತೂಗುಬಿಟ್ಟರು. ಗುರುತು ಸಿಕ್ಕವರು ಹೆಸರು ಬರೆಯಬಹುದು. "ಮನುಷ್ಯರಲ್ವಾ ಸಾರ್, ತಪ್ಪೂ ಆಗುತ್ತೆ," ಎಂದು ಕಿಟಕಿಯ ಮೇಲೆ ಒಂದು ರಬ್ಬರನ್ನೂ ಇಟ್ಟರು. ನಾನು ಕೆಟ್ಟದ್ದು ಆ ರಬ್ಬರಿನಿಂದ.

ಒಳಕೋಣೆಯ ಗೋಡೆಯಲ್ಲಿ ಕಾಫಿ ಕೊಯ್ಯುವ ಹೆಂಗಸಿನ ಚಿತ್ರವಿದೆ. ತಲೆಗೆ ಬಟ್ಟೆ, ಎತ್ತಿ ಸಿಕ್ಕಿಸಿದ ಸೆರಗು, ಸೊಂಟಕ್ಕೆ ಚೀಲ, ರೆಂಬೆಯನ್ನು ಬಗ್ಗಿಸಿ ಹಿಡಿದ ಕೈ. ನಮಗೆ ಕಾಣುವುದು ಬೆನ್ನು ಮಾತ್ರ. ಅದು ನನ್ನ ಅವ್ವ. ನಾನು ಹುಟ್ಟಿದ್ದು ತೋಟದ ಕೂಲಿಯಾಳುಗಳ ಲೈನಿನ ಮನೆಯಲ್ಲಿ. ಐದನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಒಂದು ದಿನ ಕರೆದು, "ನಿಮ್ಮವ್ವನ ಚಿತ್ರ ಬರ್ದಿದ್ದೀನಿ ಕಣೋ. ಎಷ್ಟು ಕರೆದ್ರೂ ತಿರುಗ್ಲೇ ಇಲ್ಲ," ಎಂದಿದ್ದರು. ಮನೆಗೆ ಬಂದು ಕೇಳಿದರೆ ಅವ್ವ ನಕ್ಕಳು. "ಕೈ ನಿಲ್ಲಿಸಿದ್ರೆ ರೈಟ್ರು ಸುಮ್ಮನಿರ್ತಾರಾ?" ರೈಟರೆಂದರೆ ಹಾಜರಿ ಬರೆಯುವವರು. ನಮ್ಮ ಲೈನಿನಲ್ಲಿ ದೇವರ ನಂತರದ ಸ್ಥಾನ ಅವರದೇ. ಮರುವರ್ಷವೇ ಅವ್ವ ತೀರಿಕೊಂಡಳು. ಅವಳದೊಂದು ಫೋಟೋವೂ ಇಲ್ಲ. ಈಗೀಗ ಕಣ್ಣು ಮುಚ್ಚಿದರೆ ಅವಳ ಮುಖವೂ ಸರಿಯಾಗಿ ಬರುವುದಿಲ್ಲ. ನನಗೆ ಉಳಿದಿರುವುದು ಆ ಬೆನ್ನೊಂದೇ.

ಹಾಳೆಯ ಮೇಲೆ ಅವ್ವನ ಹೆಸರನ್ನು ದುಂಡಾಗಿ ಬರೆದು ಬಂದೆ. ಮುಂದಿನ ತಿಂಗಳು ಹೋಗಿ ನೋಡಿದರೆ ಕೆಳಗೆ ಇನ್ನೆರಡು ಹೆಸರು! ಯಾರದೋ ಅಜ್ಜಿ, ಯಾರದೋ ಚಿಕ್ಕಮ್ಮ. ಸೀತಕ್ಕ ಕಾಫಿ ತರಲು ಒಳಗೆ ಹೋದಾಗ ಅಳಿಸಿದೆ. ಮತ್ತೆ ಬಂದವು, ಮತ್ತೆ ಅಳಿಸಿದೆ. ನಮ್ಮ ಕಡೆ ಗದ್ದೆಯಂಚಿನ ವೀರಗಲ್ಲುಗಳಲ್ಲಿ ಮೂಗು ಬಾಯಿ ಸವೆದು ಹೋಗಿರುತ್ತವೆ. ಆದರೂ ಎರಡೂರಿನವರು ಬಂದು "ನಮ್ಮ ಹಿರಿಯ" ಎಂದು ಎಣ್ಣೆ ಹಚ್ಚುತ್ತಾರೆ. ಹಚ್ಚಲಿ, ತಪ್ಪೇನು ಎಂದು ತರಗತಿಯಲ್ಲಿ ಬಲು ಉದಾರವಾಗಿ ಪಾಠ ಹೇಳುತ್ತಿದ್ದವನು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ ಎಂದು ನನ್ನಂಥವರನ್ನು ನೋಡಿಯೇ ಹೇಳಿರಬೇಕು.

ಹೋದ ತಿಂಗಳು ನಾನು ರಬ್ಬರು ಹಿಡಿದು ನಿಂತಿದ್ದಾಗ ಚೆಟ್ಟಳ್ಳಿಯಿಂದ ಒಬ್ಬ ಅಜ್ಜಿ ಬಂದರು. ಹೆಸರು ಪುಟ್ಟಮ್ಮ. ಚಿತ್ರದ ಮುಂದೆ ನಿಂತವರು ಚಪ್ಪಲಿ ಬಿಟ್ಟರು.

"ನಮ್ಮವ್ವ," ಎಂದರು.

"ಅಲ್ಲಮ್ಮ, ಅದು ನಮ್ಮವ್ವ," ಎಂದೆ. "ಮೇಷ್ಟ್ರೇ ನನಗೆ ಹೇಳಿದ್ರು."

"ನಂಗೂ ಹೇಳಿದ್ರಲ್ಲ! ನಾನೂ ಅವರ ಹತ್ರಾನೇ ಎರಡು ವರ್ಷ ಓದಿದ್ದು. ಎಷ್ಟು ಕರೆದ್ರೂ ತಿರುಗ್ಲಿಲ್ಲ ಅಂದ್ರು."

ಕಾಫಿ ತಂದ ಸೀತಕ್ಕ ನಮ್ಮಿಬ್ಬರ ಮುಖ ನೋಡಿ ಲೋಟ ಕೆಳಗಿಟ್ಟರು. "ಅದು ಒಬ್ಬರದಲ್ಲ ಸಾರ್. ಒಂದು ಕೊಯ್ಲು ಪೂರ್ತಿ ಅಪ್ಪ ಎರಡು ಮೂರು ತೋಟ ಸುತ್ತಿದ್ರು. ಯಾರೂ ಕೆಲಸ ಬಿಟ್ಟು ನಿಲ್ಲಲಿಲ್ಲ. ಒಬ್ಬರ ತಲೆಬಟ್ಟೆ, ಒಬ್ಬರ ಕೈ, ಹೀಗೆ ಸಿಕ್ಕಷ್ಟು ಬರ್ಕೊಂಡು ಬಂದು ಮನೇಲಿ ಜೋಡಿಸಿದ್ರು."

ಇಷ್ಟು ವರ್ಷ ನಾನು ಕಾವಲು ಕಾದ ಅವ್ವ ಹೀಗೆ ಕೈತಪ್ಪಿ ಹೋದಳು. ಈ ವಯಸ್ಸಿನಲ್ಲಿ ಎರಡನೇ ಸಲ ತಬ್ಬಲಿಯಾದಂತೆನಿಸಿ, ನಾಚಿಕೆಯಿಲ್ಲದೆ ಅತ್ತೆ. ಪುಟ್ಟಮ್ಮ ನನ್ನನ್ನೂ ಚಿತ್ರವನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಬ್ಬದ ಅಡುಗೆ ಬಡಿಸುವವರ ಹಾಗೆ ಪಾಲು ಮಾಡಿದರು.

"ಸೆರಗು ಸಿಕ್ಕಿಸಿರೋದು ನಮ್ಮವ್ವಂದೇ, ಅದ್ನ ನಾ ಬಿಡಾಕಿಲ್ಲ. ಕೈ ನಿಮ್ಮವ್ವಂದು ಇರ್ಲಿ, ಇಟ್ಕೊಳ್ಳಿ."

ಕೈಯನ್ನು ನೋಡಿದೆ. ರೆಂಬೆ ಮುರಿಯದ ಹಾಗೆ, ಹಣ್ಣು ಉದುರದ ಹಾಗೆ ಹಿಡಿದ ಕೈ. ಜ್ವರ ಬಂದಾಗ ನನ್ನ ಹಣೆ ಮುಟ್ಟುತ್ತಿದ್ದುದು ಅದೇ. ಮುಖ ಮರೆತವನಿಗೆ ಕೈ ನೆನಪಿತ್ತು. ಬೆನ್ನನ್ನು ಕಾಯುವ ಭರದಲ್ಲಿ ಅದನ್ನು ನೋಡಿಯೇ ಇರಲಿಲ್ಲ.

ಪುಟ್ಟಮ್ಮ ಕನ್ನಡಕ ತಂದಿರಲಿಲ್ಲ. ಅವರ ಅವ್ವನ ಹೆಸರನ್ನು ನಾನೇ ಬರೆದೆ. ಆಗ ಕಂಡಿತು: ಅಳಿಸಿದ ಹೆಸರುಗಳು ಹೋಗಿರಲೇ ಇಲ್ಲ. ಪ್ರೀತಿಯಿಂದ ಒತ್ತಿ ಬರೆದವರ ಪೆನ್ಸಿಲಿನ ಗೆರೆ ಹಾಳೆಯಲ್ಲಿ ತಗ್ಗಾಗಿ ಉಳಿದಿತ್ತು. ಒಂದೊಂದನ್ನೇ ತಿದ್ದಿ ತಿದ್ದಿ ಎಬ್ಬಿಸಿದೆ. ಒಂದು ಹೆಸರು ಮಾತ್ರ ಕಿಟಕಿಯ ಬೆಳಕಿಗೆ ಎಷ್ಟು ಬಗ್ಗಿ ನೋಡಿದರೂ ಓದಲಾಗಲಿಲ್ಲ. ಅದರ ಜಾಗ ಹಾಗೇ ಬಿಟ್ಟಿದ್ದೇನೆ. ಅದು ನಿಮ್ಮ ಮನೆಯವರದಾಗಿದ್ದರೆ ದಯವಿಟ್ಟು ಬಂದು ಬರೆಯಿರಿ. ಪೆನ್ಸಿಲು ಅಲ್ಲೇ ತೂಗುತ್ತಿದೆ. ರಬ್ಬರು ನನ್ನ ಜೇಬಿನಲ್ಲಿದೆ, ಕೊಡುವುದಿಲ್ಲ.