ಕಲ್ಲುಕೊಪ್ಪ ಹಾಲ್ಟಿನ ಹಲಸಿನ ಸ್ಟೂಲು

ಟಿಕೆಟ್ ಕೇಳಿದವರಿಗೆ ಜೈನಾಬಕ್ಕ ಮೊದಲು "ಎಲ್ಲಿಗೆ?" ಎನ್ನುವುದಿಲ್ಲ. ಕಿಂಡಿಯಿಂದ ಒಮ್ಮೆ ಕೆಳಗೆ ನೋಡಿ, "ಮಂಡಿ ಹೆಂಗೈತ್ರೀ?" ಎನ್ನುತ್ತಾಳೆ. ನೀವು ಎಲ್ಲಿ ನಿಲ್ಲಬೇಕು ಎಂಬುದು ಉತ್ತರದ ಮೇಲೆ ತೀರ್ಮಾನವಾಗುತ್ತದೆ. ಊರಿನ ಹೆಸರು ಆಮೇಲೆ. ಗಿರಾಕಿಯ ಮೊಣಕಾಲು ನೋಡಿ ವ್ಯಾಪಾರ ಮಾಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ನಾವೆಲ್ಲ ಜೇಬು ನೋಡುವವರು.

ಶಿಕಾರಿಪುರದಲ್ಲಿ ನನ್ನದು ಶುಂಠಿ ಮತ್ತು ಗೋಣಿಚೀಲದ ವ್ಯಾಪಾರ. ಸರಕು ಹುಡುಕಿಕೊಂಡು ಸೊರಬದ ಉಳವಿ ಕಡೆ ತಿರುಗುತ್ತೇನೆ. ನಮ್ಮ ಎರಡು ತಾಲೂಕಿಗೂ ಇನ್ನೂ ರೈಲು ಬಂದಿಲ್ಲ. ಶಿಕಾರಿಪುರಕ್ಕೆ ಬರುತ್ತದೆ ಎಂಬ ಸುದ್ದಿ ಮಾತ್ರ ನನ್ನ ಮೀಸೆ ಕಪ್ಪಗಿದ್ದಾಗಿನಿಂದ ಬರುತ್ತಲೇ ಇದೆ. ಅದು ಬರುವವರೆಗೆ, ಗಡಿಯಾಚೆ ತಾಳಗುಪ್ಪದ ಹಳಿಯ ಮೇಲಿರುವ ಕಲ್ಲುಕೊಪ್ಪ ಹಾಲ್ಟೇ ನಮಗೆ ಗತಿ. ಹಾಲ್ಟ್ ಎಂದರೆ ಮಾಸ್ತರರಿಲ್ಲದ ಸ್ಟೇಷನ್ನು. ಬಾವುಟವಿಲ್ಲ, ಗಂಟೆಯಿಲ್ಲ. ಊರಿನವರೇ ಒಬ್ಬರು ಗುತ್ತಿಗೆ ಹಿಡಿದು ದೊಡ್ಡ ಸ್ಟೇಷನ್ನಿನಿಂದ ಟಿಕೆಟ್ ತಂದು ಮಾರುತ್ತಾರೆ. ರೈಲು ಒಂದು ನಿಮಿಷ ನಿಲ್ಲುತ್ತದೆ, ಅದೂ ಡ್ರೈವರ್ ಅವತ್ತು ಮನೆಯಲ್ಲಿ ಜಗಳವಾಡದೆ ಬಂದಿದ್ದರೆ.

ಈ ಗುತ್ತಿಗೆ ಮೊದಲು ಜೈನಾಬಕ್ಕನ ಮಾವ ಮುಕ್ತಾರ್ ಅಹಮದ್ ಸಾಹೇಬರದು. ಅವರು ಶಿಕಾರಿಪುರದಲ್ಲಿ ತಗಡಿನ ಟ್ರಂಕು ಮಾಡುತ್ತಿದ್ದವರು. ಮದುವೆಗೆ ಟ್ರಂಕು ಕೊಡುವುದನ್ನು ಜನ ಬಿಟ್ಟ ಮೇಲೆ ಕಲ್ಲುಕೊಪ್ಪಕ್ಕೆ ಬಂದು ಹಾಲ್ಟು ಹಿಡಿದರು. ತಮ್ಮ ಕೈಯಾರೆ ಮಾಡಿದ ಕೊನೆಯ ಟ್ರಂಕಿನಲ್ಲಿ ಟಿಕೆಟ್ ಇಟ್ಟುಕೊಂಡು ಹೊಂಗೆಮರದ ಕೆಳಗೆ ಕೂರುತ್ತಿದ್ದರು. ಆಗ ಇದ್ದದ್ದು ಸಣ್ಣ ಹಳಿಯ ಸಣ್ಣ ರೈಲು. ಪ್ಲಾಟ್‌ಫಾರಂ ಎಂದರೆ ನೆಲವೇ. ಆದರೆ ಬೋಗಿಯೂ ನೆಲಕ್ಕೆ ಹತ್ತಿರ ಇತ್ತು. ಸೀರೆ ತುಸು ಎತ್ತಿ ಹಿಡಿದರೆ ಮುದುಕಿಯರೂ ಹತ್ತುತ್ತಿದ್ದರು.

ಆಮೇಲೆ ಹಳಿ ಅಗಲ ಮಾಡಲು ರೈಲು ನಿಲ್ಲಿಸಿದರು. ಮತ್ತೆ ಶುರುವಾದಾಗ ಸಾಹೇಬರಿಗೆ ಏಳಲಾಗುತ್ತಿರಲಿಲ್ಲ, ಟ್ರಂಕು ಸೊಸೆಯ ಕೈಗೆ ಬಂತು. ಹೊಸ ರೈಲು ದೊಡ್ಡದು, ಬೋಗಿ ಎತ್ತರ. ನೆಲ ಮಾತ್ರ ಇದ್ದಲ್ಲೇ ಇತ್ತು. ಕೆಳಗಿನ ಮೆಟ್ಟಿಲು ನೆಲದಿಂದ ಎರಡೂವರೆ ಅಡಿ. ಜೈನಾಬಕ್ಕ ಅಳೆದು, ಟಿಕೆಟ್ ಕೋಣೆಯ ಹೊರಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಇದ್ದಿಲಿನಿಂದ ಗೆರೆ ಎಳೆದಳು. ಇಲಾಖೆಯವರು ಯಾರೇ ಬರಲಿ, "ಸಾರ್, ಇಲ್ಲೀಮಟ ಒಂದ್ಸಲ ಕಾಲೆತ್ರಿ ನೋಡಾಣ" ಎನ್ನುವಳು. ಪ್ಯಾಂಟಿನ ಹೊಲಿಗೆಯ ಮೇಲೆ ಅಷ್ಟು ನಂಬಿಕೆ ಯಾರಿಗೂ ಇರಲಿಲ್ಲ.

ಸ್ಟೂಲು ನಾನು ಕೊಟ್ಟದ್ದು. ದಾನ ಎಂದುಕೊಳ್ಳಬೇಡಿ. ಒಂದು ದಿನ ಮೈ ಭಾರದ ನಾನು ಮೆಟ್ಟಿಲಿಗೆ ಕಾಲು ಎಟುಕಿಸಲಾರದೆ ಒದ್ದಾಡುವಾಗ ಜೈನಾಬಕ್ಕ ಪಕ್ಕದಲ್ಲಿದ್ದ ಚೀಲವೊಂದನ್ನು ಎಳೆದು ನನ್ನ ಕಾಲ ಕೆಳಗೆ ಹಾಕಿದಳು. ಹತ್ತಿದ ಮೇಲೆ ತಿಳಿಯಿತು, ಅದು ನನ್ನದೇ ಶುಂಠಿ ಚೀಲ. ಮುರಿದ ಶುಂಠಿಗೆ ಯಾರೂ ಒಳ್ಳೆಯ ದರ ಕೊಡುವುದಿಲ್ಲ. ಮುಂದಿನ ವಾರವೇ ಅಂಗಡಿಯಲ್ಲಿ ಮೇಲಿನ ಅಟ್ಟಕ್ಕೆ ಕೈ ಹಾಕಲು ಇಟ್ಟಿದ್ದ ಹಲಸಿನ ಮರದ ಸ್ಟೂಲನ್ನು ಬಸ್ಸಿಗೆ ಹಾಕಿಕೊಂಡು ಬಂದೆ.

ಆ ಸ್ಟೂಲಿಗೆ ಜೈನಾಬಕ್ಕ ಒಂದು ಕಾನೂನನ್ನೇ ಮಾಡಿದಳು. ಮಂಡಿ ಕೆಟ್ಟವರೆಲ್ಲ ಹೊಂಗೆಮರದ ನೇರಕ್ಕೆ, ಮೂರನೇ ಬೋಗಿ ಬಂದು ನಿಲ್ಲುವ ಕಡೆ, ಒಬ್ಬರ ಹಿಂದೆ ಒಬ್ಬರು. ಗಂಟು ಮೊದಲು, ಮನುಷ್ಯರು ಆಮೇಲೆ. ಇಳಿಯುವವರು ಬಾಗಿಲಲ್ಲಿ ಕೈ ಬೀಸಬೇಕು. ಗಟ್ಟಿ ಕಾಲಿನವರು ಸ್ಟೂಲು ಮುಟ್ಟುವ ಹಾಗಿಲ್ಲ. ಒಮ್ಮೆ ಒಬ್ಬ ಮೇಷ್ಟ್ರು ಕಾಲಿಡಲು ಹೋದರೆ, "ನಿಮಗಿನ್ನೂ ಮಂಡಿ ಅದಾವ್ರಿ, ಜಿಗೀರಿ" ಎಂದು ಸ್ಟೂಲು ಎಳೆದುಕೊಂಡಳು. ಒಂದು ನಿಮಿಷದಲ್ಲಿ ಆರು ಜನರನ್ನು ಹತ್ತಿಸಿ ಇಬ್ಬರನ್ನು ಇಳಿಸುತ್ತಿದ್ದಳು. ಕ್ರಮೇಣ ಡ್ರೈವರುಗಳೂ ಮೂರನೇ ಬೋಗಿಯನ್ನು ಹೊಂಗೆಮರಕ್ಕೆ ಸರಿಯಾಗಿ ತಂದು ನಿಲ್ಲಿಸುವುದನ್ನು ಕಲಿತರು.

ಆ ಸಾಲಿನಲ್ಲಿ ಮೊದಲನೆಯವಳು ಉಳವಿ ಕಡೆಯ ತಾಯಮ್ಮ. ಎಪ್ಪತ್ತು ದಾಟಿದವಳು. ಮುತ್ತುಗದ ಊಟದೆಲೆ ಹಚ್ಚಿ, ಬುಟ್ಟಿ ತುಂಬಿಕೊಂಡು ವಾರಕ್ಕೆರಡು ದಿನ ಶಿವಮೊಗ್ಗದ ಪೇಟೆಗೆ ಹೋಗುತ್ತಾಳೆ. ಬಸ್ಸಿನಲ್ಲಿ ಬುಟ್ಟಿ ಮೇಲಕ್ಕೆ ಹಾಕಿದರೆ ಎಲೆ ಪುಡಿ, ಒಳಗಿಟ್ಟರೆ ಕಂಡಕ್ಟರನ ಬೈಗುಳ. ಹಾಗಾಗಿ ಅವಳಿಗೆ ರೈಲೇ ಆಗಬೇಕು. ನನಗಿಂತ ಜಾಣ ವ್ಯಾಪಾರಿ. ನೂರು ಎಲೆಗೆ ಎರಡು ಹೆಚ್ಚಿಗೆ ಕೊಟ್ಟು, ಹರಿದ ನಾಲ್ಕನ್ನು ನಡುವೆ ಸೇರಿಸುತ್ತಾಳೆ.

"ಜೈನಾಬಿ, ನಿನ್ನ ರೈಲು ಪ್ರತಿ ವರ್ಷ ಎತ್ತರ ಆಗ್ತದಲ್ಲೇ, ಎಂತ ಹಾಕಿ ಸಾಕ್ತೀರಿ ಅದನ್ನ?" ಎಂದು ಅವಳು ಕೇಳುವಳು.

"ರೈಲು ಅಷ್ಟೇ ಐತಿ ತಾಯಮ್ಮ. ನೀನು ಗಿಡ್ಡ ಆಗಾಕ್ಹತ್ತೀ."

ಜೈನಾಬಕ್ಕ ಇಲಾಖೆಗೆ ಅರ್ಜಿ ಬರೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ವರ್ಷಕ್ಕೊಂದು ಅರ್ಜಿ, ಎಲ್ಲದರಲ್ಲೂ ಒಂದೇ ಸಾಲು: ಪ್ಲಾಟ್‌ಫಾರಂ ಎರಡೂವರೆ ಅಡಿ ಎತ್ತರಿಸಿ ಕೊಡಬೇಕು. ನಾನೊಮ್ಮೆ ಕೇಳಿದೆ, "ಸ್ಟೂಲ್ ಇದೆಯಲ್ಲ, ಇನ್ಯಾಕೆ ಅರ್ಜಿ?"

"ಸ್ಟೂಲ್ ಐತ್ರಿ. ಅದನ್ನ ಹೊತ್ಕೊಂಡು ಓಡೋ ಭುಜ ಎಷ್ಟು ದಿನ ಇರ್ತೈತಿ? ನನ್ನ ನಂತರ ಬರೋರು ಹೊರ್ತಾರೇನು? ಅವತ್ತಿಗೆ ತಾಯಮ್ಮನಂಥೋರು ಮನ್ಯಾಗೇ ಕೂರಬೇಕಾಗ್ತದ" ಎಂದಳು. ಅಷ್ಟು ಮುಂದಿನ ಲೆಕ್ಕ ನನ್ನ ಶುಂಠಿಯ ವಿಷಯದಲ್ಲಿ ನಾನೂ ಹಾಕಿದವನಲ್ಲ.

ಕೊನೆಗೆ ಹೋದ ವರ್ಷ ಹಾಲ್ಟಿನ ಅಭಿವೃದ್ಧಿಗೆ ಮಂಜೂರಾತಿ ಬಂತು. ಗುತ್ತಿಗೆದಾರನ ಕಡೆಯ ಮೇಲ್ವಿಚಾರಕ ಚಂದ್ರಶೇಖರ್ ನೀಲಿ ನಕ್ಷೆಯ ಸುರುಳಿ ಹಿಡಿದು ಬಂದ. ಒಳ್ಳೆಯ ಹುಡುಗ, ಯಾರು ಏನು ಹೇಳಿದರೂ "ಆಗುತ್ತೆ" ಎನ್ನುವವನು. ಮೂರು ತಿಂಗಳಲ್ಲಿ ಸ್ಟೀಲಿನ ಮಾಡು ಎದ್ದಿತು. ನೆಲಕ್ಕೆ ಕೆಂಪು ಹಳದಿ ಹಾಸು, ಸೋಲಾರ್ ದೀಪ, ನೀರಿನ ನಲ್ಲಿ, ನಿಂತು ಫೋಟೋ ತೆಗೆಸಿಕೊಳ್ಳಲು ಹೃದಯದಾಕಾರದ ಚೌಕಟ್ಟು. ಟಿಕೆಟ್ ಕೋಣೆಯ ಗೋಡೆಯ ತುಂಬ ಬಳ್ಳಿಗಾವಿಯ ದೇವಸ್ಥಾನದ ಚಿತ್ರ. ಇದ್ದಿಲಿನ ಗೆರೆ ಆ ಚಿತ್ರದ ಕೆಳಗೆ ಹೋಯಿತು.

"ಎತ್ತರ ಎಲ್ಲಿ ಸಾರ್?" ಎಂದಳು ಜೈನಾಬಕ್ಕ.

"ಹಾಸು ಹಾಕಿದ್ದೀವಲ್ಲ ಅಕ್ಕ. ಎರಡು ಇಂಚು ಏರಿದೆ."

"ಉಳಿದದ್ದು?"

"ಅದು ಬೇರೆ ಎಸ್ಟಿಮೇಟು. ಆಗುತ್ತೆ."

ಮರುದಿನ ಚಿತ್ರದಲ್ಲಿದ್ದ ದೇವಸ್ಥಾನದ ಮೆಟ್ಟಿಲುಗಳ ಮೇಲೆ ಅಡ್ಡಕ್ಕೆ ಹೊಸ ಇದ್ದಿಲ ಗೆರೆ ಇತ್ತು, ಎರಡು ಇಂಚು ಕಡಿಮೆ ಮಾಡಿ. ಚಂದ್ರಶೇಖರ್ ಒರೆಸಿಸಿದ. ಅದರ ಮರುದಿನ ಮತ್ತೆ ಇತ್ತು.

ಉದ್ಘಾಟನೆಗೆ ಎರಡು ವಾರವಿರುವಾಗ ಮೇಲಿನ ಯಾವುದೋ ಕಚೇರಿಯಿಂದ ಒಂದು ಕಾಗದ ಬಂತು. ಪ್ಲಾಟ್‌ಫಾರಮ್ಮಿನ ಮೇಲೆ ಅನಧಿಕೃತ ಮರದ ಸ್ಟೂಲು ಬಳಸುವುದು ಕಂಡುಬಂದಿದೆ, ಪ್ರಯಾಣಿಕರು ಬಿದ್ದರೆ ಹೊಣೆ ಯಾರು, ಕೂಡಲೇ ತೆಗೆಯತಕ್ಕದ್ದು. ಅದೇ ತಿಂಗಳು ಅವಳ ಗುತ್ತಿಗೆ ಹೊಸದಾಗಿ ಬರೆಯಬೇಕಿತ್ತು. ಜೈನಾಬಕ್ಕ ಕಾಗದ ಎರಡು ಸಲ ಓದಿದಳು, ಸ್ಟೂಲನ್ನು ಕೋಣೆಯೊಳಗಿಟ್ಟು ಸರಪಳಿ ಸುತ್ತಿ ಬೀಗ ಹಾಕಿದಳು, ಕಾಗದವನ್ನು ಮಾವನ ಟ್ರಂಕಿನಲ್ಲಿಟ್ಟಳು.

ಮೊದಲ ದಿನ ತಾಯಮ್ಮನನ್ನು ನಾನು ಮೇಲಿನಿಂದ ಎಳೆದೆ, ಜೈನಾಬಕ್ಕ ಕೆಳಗಿನಿಂದ ನೂಕಿದಳು. ಮುದುಕಿ ಒಳಗೆ ಬಂದು ಬಿದ್ದಾಗ ರೈಲು ಹೊರಟಿತ್ತು. ಅವಸರದಲ್ಲಿ ಮೊದಲು ಹತ್ತಿಸದ ಬುಟ್ಟಿ ಕೆಳಗೇ ಉಳಿಯಿತು. ಉಸಿರು ತಿರುಗಿದ ಮೇಲೆ ಅವಳು ಕಿಟಕಿಯಾಚೆ ನೋಡಿ ಹೇಳಿದಳು, "ನಾ ಬಂದೆ. ವ್ಯಾಪಾರ ಬರ್ಲಿಲ್ಲ."

ಶಿವಮೊಗ್ಗದಲ್ಲಿ ಇಳಿದು, ಬರಿಗೈಯಲ್ಲಿ ಪೇಟೆಗೆ ಹೋಗಲು ಮನಸ್ಸಾಗದೆ, ಸಂಜೆಯವರೆಗೂ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಳಂತೆ. ವಾಪಸು ಬಂದಾಗ ಜೈನಾಬಕ್ಕನಿಗೆ ಅವಳು ಒಂದು ಮಾತು ಹೇಳಿ ಹೋದಳು. "ಇನ್ನ್ ಬರೂದಿಲ್ಲ ಮಾರಾಯ್ತಿ. ಎಳೆಸ್ಕೊಂಡು ಹೋಗೂಕೆ ನಾ ಎಂತ ಕರುವಾ?" ಅಂದಂತೆ ಎರಡು ವಾರ ಬರಲಿಲ್ಲ. ಹೊಂಗೆಮರದ ಕೆಳಗೆ ಸಾಲೂ ಇರಲಿಲ್ಲ. ಮಂಡಿ ಕೆಟ್ಟವರು ಒಬ್ಬೊಬ್ಬರಾಗಿ ರೈಲು ಬಿಟ್ಟರು.

ಉದ್ಘಾಟನೆಯ ದಿನ ತಾಯಮ್ಮ ಬಂದದ್ದು ರೈಲಿಗಲ್ಲ. ಬಂದವರ ಊಟಕ್ಕೆಂದು ಚಂದ್ರಶೇಖರ್ ಇನ್ನೂರು ಎಲೆ ಹೇಳಿದ್ದ. ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಹೊಸ ಬೆಂಚಿನ ತುದಿಯಲ್ಲಿ ಕೂತಿದ್ದಳು. ನಾನು ಬಂದದ್ದು ಊಟಕ್ಕೆ, ಮುಚ್ಚಿಡುವುದೇನಿದೆ.

ಹತ್ತೂವರೆಗೆ ಒಂದೇ ಬೋಗಿಯ ತಪಾಸಣೆ ಬಂಡಿ ಬಂದು ನಿಂತಿತು. ಬಾಗಿಲು ತೆರೆದು ಹಿರಿಯ ಅಧಿಕಾರಿಯೊಬ್ಬರು ಕಾಣಿಸಿಕೊಂಡರು. ತುಂಬಿದ ಮೈ, ಕೋಟಿನ ಮೇಲೇ ಸೊಂಟಕ್ಕೆ ನೋವಿನ ಬೆಲ್ಟು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಕೊನೆಯದರ ಮೇಲೆ ನಿಂತರು. ಕೆಳಗೆ ನೋಡಿದರು. ವಾದ್ಯದವರು ನಿಲ್ಲಿಸಲೋ ಬಾರಿಸಲೋ ತಿಳಿಯದೆ ಮೆಲ್ಲಗೆ ಬಾರಿಸಿದರು.

"ಏನಾದರೂ ಹಾಕ್ರಪ್ಪ ಕೆಳಗೆ" ಎಂದರು.

"ಸ್ಟೂಲ್! ಜೈನಾಬಕ್ಕ, ಸ್ಟೂಲ್ ತನ್ನಿ, ಬೇಗ!" ಚಂದ್ರಶೇಖರ್ ಕೂಗಿದ.

ಜೈನಾಬಕ್ಕ ಕೋಣೆಗೆ ಹೋದಳು. ಟ್ರಂಕಿನ ಮುಚ್ಚಳದ ಸದ್ದು ಕೇಳಿತು. ಹೊರಗೆ ಬಂದಾಗ ಕೈಯಲ್ಲಿ ಇದ್ದದ್ದು ಕಾಗದ.

"ಸ್ಟೂಲ್ ಐತ್ರಿ ಸಾರ್. ಹಾಕಬಾರದು ಅಂತ ಆರ್ಡರ್ ಐತಿ. ಬಿದ್ರೆ ಹೊಣೆ ಯಾರು ಅಂತ ಬರದಾರ. ನೀವು ಬಿದ್ರೆ..." ಎಂದು ನಿಲ್ಲಿಸಿ, ಕಾಗದವನ್ನು ಎರಡೂ ಕೈಯಲ್ಲಿ ಮೇಲೆ ಹಿಡಿದಳು.

ಮೂವತ್ತು ವರ್ಷ ಮುಖ ನೋಡಿಯೇ ದರ ಹೇಳಿದವನು ನಾನು. ಜೈನಾಬಕ್ಕನ ಮುಖದಲ್ಲಿ ನನಗೆ ಏನೂ ಸಿಗಲಿಲ್ಲ.

ಅಧಿಕಾರಿ ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡೇ ಓದಿದರು. "ದಿನಾ ಜನ ಹೇಗೆ ಹತ್ತುತ್ತಾರಮ್ಮ?"

"ಹತ್ತೂದಿಲ್ರಿ. ನಾವು ಹತ್ತಿಸ್ತಿದ್ವಿ. ಈ ಕಾಗದ ಬಂದ ಮ್ಯಾಲೆ ಬರೂದೇ ಬಿಟ್ಟಾರ." ದೇವಸ್ಥಾನದ ಚಿತ್ರದ ಕಡೆ ಕೈ ತೋರಿಸಿದಳು. "ಅಗಾ, ಆ ಗೆರಿ. ಅಷ್ಟು ಎತ್ತರ."

ಅಷ್ಟರಲ್ಲಿ ತಾಯಮ್ಮ ಎದ್ದು ಬಂದು ಎಲೆಗಳನ್ನು ಚಂದ್ರಶೇಖರನ ತೋಳಿಗೆ ಸುರಿದಿದ್ದಳು. ಖಾಲಿ ಬುಟ್ಟಿಯನ್ನು ಬೋಗಿಯ ಬಾಗಿಲ ಕೆಳಗೆ ಬೋರಲು ಹಾಕಿದಳು.

"ಇದರ ಮೇಲೆ ಕಾಲಿಡಪ್ಪ. ಇದಕ್ಕೆ ಆರ್ಡರ್ ಬಂದಿಲ್ಲ ಇನ್ನೂ. ಬಿದಿರು ಹಳೇದು, ತುಸು ಹಗೂರಾಗಿ ಇಡು."

ಅಧಿಕಾರಿ ಬುಟ್ಟಿ ನೋಡಿದರು, ತಮ್ಮ ಹೊಟ್ಟೆ ನೋಡಿಕೊಂಡರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಕಾಗದವನ್ನು ಬೋಗಿಯ ಗೋಡೆಗೆ ಒತ್ತಿ ಹಿಡಿದು, ಪ್ಲಾಟ್‌ಫಾರಂ ಎತ್ತರಿಸುವವರೆಗೆ ಸ್ಟೂಲು ಬಳಸಲು ಅನುಮತಿ ಇದೆ ಎಂದು ಅದರ ಬೆನ್ನಿಗೆ ಬರೆದು ಸಹಿ ಹಾಕಿದರು. ಜೈನಾಬಕ್ಕ ಸಹಿಯ ಕೆಳಗಿನ ತಾರೀಖನ್ನೂ ಓದಿ ನೋಡಿದ ಮೇಲೆಯೇ ಸ್ಟೂಲಿನ ಬೀಗ ತೆಗೆದಳು. ಅಧಿಕಾರಿ ನನ್ನ ಹಲಸಿನ ಸ್ಟೂಲಿನ ಮೇಲೆ ಕಾಲಿಟ್ಟು, ಅವಳ ಕೈ ಹಿಡಿದು ಇಳಿದರು. ವಾದ್ಯ ಜೋರಾಯಿತು.

ಊಟದ ಎಲೆಗಳಲ್ಲಿ ನನಗೆ ಸಿಕ್ಕದ್ದು ಹರಿದದ್ದು. ತಾಯಮ್ಮನ ಕಡೆ ನೋಡಿದೆ. ಅವಳು ನೋಡಲಿಲ್ಲ.

ಮುಂದಿನ ವಾರ ಹೊಂಗೆಮರದ ಕೆಳಗೆ ಸಾಲು ಮತ್ತೆ ನಿಂತಿತು. ಸ್ಟೂಲಿಗೆ ಹಳದಿ ಕಪ್ಪು ಪಟ್ಟೆ ಬಂತು, ಕಾಲಿನ ಮೇಲೆ ಇಲಾಖೆಯ ಆಸ್ತಿ ನಂಬರು ಬಂತು. ಜೈನಾಬಕ್ಕನ ಗುತ್ತಿಗೆ ಹೊಸದಾಯಿತು. ಆದರೂ ಅವಳು ಆ ವರ್ಷದ ಅರ್ಜಿ ಬರೆಯುವುದನ್ನು ತಪ್ಪಿಸಲಿಲ್ಲ. ಸಹಿ ಹಾಕಿದ ಕಾಗದದ ನಕಲು ಲಗತ್ತಿಸಿ, "ಎತ್ತರಿಸುವವರೆಗೆ" ಎಂಬ ಮಾತಿಗೆ ಕೆಂಪು ಶಾಯಿಯ ಗೆರೆ ಹಾಕಿ ಕಳಿಸಿದಳು.

ಈ ಬೇಸಗೆಯಲ್ಲಿ ಚಂದ್ರಶೇಖರ್ ಮತ್ತೆ ಬಂದ, ಬೇರೆ ನಕ್ಷೆ ಹಿಡಿದು. ಕೆಂಪು ಹಳದಿ ಹಾಸನ್ನೆಲ್ಲ ಕಿತ್ತು, ಮಣ್ಣು ತುಂಬಿ, ನಾಲ್ಕು ಬೋಗಿಯ ಉದ್ದಕ್ಕೆ ಪ್ಲಾಟ್‌ಫಾರಂ ಎತ್ತರಿಸಿದ. "ಆಗುತ್ತೆ ಅಂದಿದ್ನಲ್ಲ ಅಕ್ಕ" ಎಂದ. ಚಿತ್ರದ ದೇವಸ್ಥಾನದ ಮೆಟ್ಟಿಲುಗಳು ಗೆರೆಯ ಸಮೇತ ನೆಲದೊಳಗೆ ಹೋದವು. ಟಿಕೆಟ್ ಕೋಣೆ ಈಗ ತಗ್ಗಿನಲ್ಲಿದೆ, ಕಿಂಡಿಗೆ ಜನ ಬಗ್ಗಬೇಕು. ಅದಕ್ಕೆ ಬೇರೆ ಎಸ್ಟಿಮೇಟು.

ಹೊಸ ಎತ್ತರದ ಮೇಲೆ ಮೊದಲ ರೈಲು ನಿಂತ ದಿನ ನಾನೂ ಇದ್ದೆ. ಮೂರನೇ ಬೋಗಿ ಹೊಂಗೆಮರದ ನೇರಕ್ಕೆ ಬಂತು. ಜೈನಾಬಕ್ಕ ರೂಢಿಯಂತೆ ಬಾಗಿಲ ಪಕ್ಕ ನಿಂತು ಕೈ ಚಾಚಿದಳು. ತಾಯಮ್ಮ ಬುಟ್ಟಿಯನ್ನು ತಲೆಯ ಮೇಲಿಂದ ಇಳಿಸಲೂ ಇಲ್ಲ. ಮನೆಯ ಜಗುಲಿ ಹತ್ತುವ ಹಾಗೆ, ಯಾರ ಕೈಯನ್ನೂ ಹಿಡಿಯದೆ ಹತ್ತಿ ಒಳಗೆ ಹೋದಳು, ಕಿಟಕಿಯ ಪಕ್ಕ ಕೂತು ಎಲೆಯಡಿಕೆ ತೆಗೆದಳು. ಚಾಚಿದ ಕೈಯನ್ನು ಜೈನಾಬಕ್ಕ ಹಿಂದೆ ತೆಗೆದುಕೊಂಡು ಸೆರಗು ಸರಿಮಾಡಿಕೊಂಡಳು. ರೈಲು ಇನ್ನೂ ಅರ್ಧ ನಿಮಿಷ ಸುಮ್ಮನೆ ನಿಂತಿತ್ತು.

"ಇನ್ನು ನನ್ನ ಸ್ಟೂಲು ವಾಪಸು ಕೊಡಬಹುದಲ್ಲ? ಅಂಗಡಿಯಲ್ಲಿ ಅಟ್ಟಕ್ಕೆ ಕೈ ಎಟುಕುತ್ತಿಲ್ಲ" ಎಂದೆ, ನಾನೂ ಹತ್ತಿ ಬೋಗಿಯ ಬಾಗಿಲಿನಿಂದ.

"ನಂಬರ್ ಬಿದ್ದೈತ್ರಿ ಅದಕ್ಕ. ಕೊಡಾಕ ಬರೂದಿಲ್ಲ. ಬೇಕಂದ್ರ ಅರ್ಜಿ ಬರೀರಿ" ಎಂದು ಅದನ್ನು ಹೊಂಗೆಮರದ ಕೆಳಗೆ ಹಾಕಿಕೊಂಡು ಕೂತಳು. ಇಷ್ಟು ವರ್ಷದಲ್ಲಿ ಅವಳು ಅದರ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.