ಗೋಡೆ ಕಟ್ಟಿದವರ ಹೆಸರು ಓದಿದ್ದು

ಕರಣೆ ಕೈಯಿಂದ ಜಾರಿ ಬಿತ್ತು. ಅಜ್ಜಂಪುರದಲ್ಲಿ ಒಬ್ಬರ ಕಾಂಪೌಂಡ್ ಗೋಡೆಗೆ ಪ್ಲಾಸ್ಟರ್ ಮಾಡುತ್ತಿದ್ದೆ. ಬಗ್ಗಿ ಎತ್ತಿಕೊಂಡೆ. ಮತ್ತೆ ಬಿತ್ತು. ಮನೆಯಾಕೆ ಕಾಫಿ ತಂದು, ಸಕ್ಕರೆ ಸಾಕೇ ಎಂದು ಕೇಳಿದರು. ಸಾಕಮ್ಮ ಎನ್ನಲು ಬಾಯಿ ತೆರೆದೆ.

ಮಾತು ಬರಲಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಸ್ಟ್ರೋಕ್ ಎಂದರು. ಕೈ ಬೇಗ ಸುಧಾರಿಸಿತು. ಮಾತು ಸುಧಾರಿಸಲಿಲ್ಲ. ಎದುರಿಗಿರುವುದು ಲೋಟವೆಂದು ಗೊತ್ತು, ಅದರಲ್ಲಿ ನೀರು ಬೇಕೆಂದೂ ಗೊತ್ತು, ಆದರೆ ಅವುಗಳ ಹೆಸರು ಮಾತ್ರ ನಾಲಿಗೆಗೆ ಸಿಗದು. ಹೆಂಡತಿ ಸಾರಮ್ಮನ ಹೆಸರೂ ಸಿಗಲಿಲ್ಲ. ಅದಕ್ಕವಳು, "ಮದುವೆ ಆದಾಗ್ಲಿಂದ ಲೇ ಅಂತ್ಲೇ ಕರ್ದಿದ್ದು ಕಣ್ರೀ, ಈಗ್ಯಾಕೆ ಹೆಸ್ರು" ಎಂದಳು. ನಗು ಬಂತು. ಬಾಯಿ ಒಂದೇ ಕಡೆಗೆ ಹೋಯಿತು.

ಆಗ ಸೊಸೆ ಶೀಲಾ ಹೆರಿಗೆಗೆಂದು ಕಡೂರಿನ ತವರಿಗೆ ಹೋಗಿದ್ದಳು. ನಮಗೆ ಅದು ಮೊದಲ ಮೊಮ್ಮಗು. ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ದೀಕ್ಷಾಸ್ನಾನದ ದಿನ ಚರ್ಚಿನ ಅಯ್ಯನವರು ಮಗುವಿನ ಹೆಸರೇನೆಂದು ಕೇಳಿದಾಗ ಮನೆಗೆ ಹಿರಿಯರೇ ಹೇಳಬೇಕು. ನನ್ನ ಹೆಸರನ್ನು ನನ್ನ ತಾತ ಹೇಳಿದ್ದರು, ನನ್ನ ಮಗನದನ್ನು ನನ್ನಪ್ಪ ಹೇಳಿದರು. ಈಗ ಸರದಿ ನನ್ನದು. ಆಸ್ಪತ್ರೆಯ ಮಂಚದಲ್ಲಿ ಮಲಗಿ ನಾನು ಅಂಜಿದ್ದು ಸಾವಿಗಲ್ಲ, ಆ ಒಂದು ಹೆಸರಿಗೆ.

ತರೀಕೆರೆಯ ಮನೆಗೆ ಬಂದ ಸಂಜೆ ಕುಟುಂಬ ಪ್ರಾರ್ಥನೆಗೆ ಕೂತೆವು. ಸಾರಮ್ಮ ಬೈಬಲ್ ತೆರೆದು ಕೈಗಿಟ್ಟಳು. 'ಯೆಹೋವನು ನನಗೆ ಕುರುಬನು' ಎಂಬ ಕೀರ್ತನೆ ಮೊದಲಿಂದ ಕೊನೆಯವರೆಗೆ ಒಂದು ಕಡೆಯೂ ತಡವರಿಸದೆ ನನ್ನ ಬಾಯಿಂದ ಹರಿದು ಬಂತು. ಮಗ ಅತ್ತುಬಿಟ್ಟ. ಭಾನುವಾರ ಚರ್ಚಿನಲ್ಲಿ ಸಾರಮ್ಮ ಎದ್ದು ನಿಂತು, ನಮ್ಮನೆಯವರಿಗೆ ಮಾತು ಬಂದಿದೆ ಎಂದು ಸಾಕ್ಷಿ ಹೇಳಿದಳು. ಇನ್ನು ಶಿವಮೊಗ್ಗಕ್ಕೆ ಹೋಗುವುದೇಕೆಂದು, ಅಲ್ಲಿ ಶುರುವಾಗಿದ್ದ ಸ್ಪೀಚ್ ಥೆರಪಿ ಬಿಟ್ಟೆವು.

ಮಾರನೆಯ ದಿನ ಪಕ್ಕದ ಮನೆಯವರು ನೋಡಲು ಬಂದು, ಊಟ ಆಯಿತೇ ಎಂದರು. ನನ್ನ ಬಾಯಲ್ಲಿ ಮತ್ತೆ ಅದೇ ಕೀರ್ತನೆ ಶುರುವಾಯಿತು.

ಸಾರಮ್ಮ ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಮತ್ತೆ ಶಿವಮೊಗ್ಗದ ಬಸ್ಸು ಹತ್ತಿದೆವು. ಥೆರಪಿಯ ಹುಡುಗಿ ಬೈಯಲಿಲ್ಲ. ನನ್ನ ಕೈಲಿದ್ದ ಬೈಬಲನ್ನು ಮೆಲ್ಲಗೆ ಮುಚ್ಚಿದಳು. ನಾನು ಕೀರ್ತನೆ ಹೇಳುತ್ತಲೇ ಇದ್ದೆ.

"ತಾತ, ಇದು ನೀವು ಓದ್ತಿರೋದಲ್ಲ. ಹಾಡಿನ ಥರ, ನಾಲಿಗೆ ತಾನಾಗೇ ಹೇಳ್ತಿದೆ. ಇದೇ ಪುಸ್ತಕ ಆಗ್ಲಿ, ಆದ್ರೆ ನೀವು ಯಾವತ್ತೂ ಓದ್ದೇ ಇರೋ ಜಾಗ ತೆಗೀರಿ."

ನಾನು ಶಾಲೆಗೆ ಹೋಗಿದ್ದು ಮೂರನೆಯ ಕ್ಲಾಸಿನವರೆಗೆ. ಓದು ಕೈಹತ್ತಿದ್ದು ಭಾನುವಾರದ ಪಾಠದಲ್ಲಿ. ಆವಾಗಿನಿಂದ ಓದಿದ್ದನ್ನೇ ಓದಿಕೊಂಡು ಬಂದವನು. ಸಾರಮ್ಮ ಹುಡುಕಿ ಹುಡುಕಿ, ಬರೀ ಹೆಸರುಗಳೇ ತುಂಬಿದ ಒಂದು ಅಧ್ಯಾಯ ತೆಗೆದಳು. ಕಳೆದುಕೊಂಡದ್ದು ಹೆಸರು ತಾನೆ, ಹೆಸರನ್ನೇ ಓದಿ ಎಂದಳು. ಅವಳು ಬೆರಳಿಟ್ಟು ತೋರಿಸಬೇಕು, ನಾನು ಅಕ್ಷರ ಅಕ್ಷರ ಕೂಡಿಸಬೇಕು. ಮೊದಮೊದಲು ಒಂದು ಹೆಸರಿಗೇ ಬೆವರು ಬಂತು. ಬೈಬಲಿನ ಆ ಕಾಲದವರ ಹೆಸರುಗಳೂ ಹಾಗೇ, ಸೈಜುಗಲ್ಲಿನ ಥರ ಗಟ್ಟಿ.

ಓದುತ್ತಾ ಹೋದಂತೆ ಗೊತ್ತಾಯಿತು, ಅದು ಗೋಡೆ ಕಟ್ಟಿದವರ ಅಧ್ಯಾಯ. ಬಿದ್ದುಹೋದ ಯೆರೂಸಲೇಮಿನ ಗೋಡೆಯನ್ನು ಯಾರು ಯಾರು ಎಲ್ಲಿಂದ ಎಲ್ಲಿಯವರೆಗೆ ಎಬ್ಬಿಸಿದರು, ಅವರ ಪಕ್ಕಕ್ಕೆ ಯಾರು ನಿಂತರು, ಎಲ್ಲ ಬರೆದಿದೆ. ಒಬ್ಬ ತನ್ನ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬಂದಿದ್ದಾನೆ. ಒಬ್ಬ ತನ್ನ ಕೋಣೆಯ ಎದುರಿನಷ್ಟನ್ನೇ ಕಟ್ಟಿದ್ದಾನೆ. ಹೆಗಲು ಕೊಡದ ದೊಡ್ಡವರ ಸುದ್ದಿಯೂ ಇದೆ. ಅಕ್ಕಸಾಲಿಗನೂ ಕಟ್ಟಿದ್ದಾನಂತೆ, ಗೋಡೆಯ ನೇರ ನೋಡಲು ಅವನಿಗೆ ತೂಕದ ಗುಂಡು ಯಾರು ಹಿಡಿದುಕೊಟ್ಟರೋ. ಆಯುಸ್ಸೆಲ್ಲ ಗಾರೆ ಕೆಲಸ ಮಾಡಿದವನು ನಾನು. ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ನನ್ನ ಕೈಯ ಗೋಡೆಗಳು ಎಷ್ಟೋ ನಿಂತಿವೆ, ಯಾವುದರ ಮೇಲೂ ನನ್ನ ಹೆಸರಿಲ್ಲ, ಇರಬೇಕೆಂದು ಅನ್ನಿಸಿದ್ದೂ ಇಲ್ಲ. ಆದರೆ ದೇವರು ತನ್ನ ಪುಸ್ತಕದಲ್ಲಿ ಕಲ್ಲು ಹೊತ್ತವರ ಹೆಸರನ್ನು ಒಂದೊಂದಾಗಿ ಬರೆಸಿ ಇಟ್ಟಿದ್ದಾನಲ್ಲ. ಇಷ್ಟು ವರ್ಷ ಮನೆಯಲ್ಲೇ ಇದ್ದ ಪುಸ್ತಕ, ಅಂದು ಹೊಸದಾಗಿ ಬಂದಂತಾಯಿತು. ಮುಂದೇನಿದೆಯೋ ಎಂದು ಬೆಳಗಾಗುವುದನ್ನೇ ಕಾಯುತ್ತಿದ್ದೆ.

ಮೊಮ್ಮಗಳು ಹುಟ್ಟಿದಳು. ವೀಡಿಯೊ ಕಾಲ್‌ನಲ್ಲಿ ಶೀಲಾ ಹೇಳಿದಳು. "ಮಾವ, ನಿರೀಕ್ಷಾ ಅಂತ ಅಂದ್ಕೊಂಡಿದೀವಿ. ನಿಮ್ಗೆ ಕಷ್ಟ ಆದ್ರೆ ರೀಟಾ ಅಂತ ಇಟ್ಬಿಡೋಣ."

"ಬೇಡ" ಎಂದೆ. ಆ ಮಾತು ಹುಡುಕದೆಯೇ ಬಂತು.

ದೀಕ್ಷಾಸ್ನಾನದ ದಿನ ಅಯ್ಯನವರು ಮಗುವನ್ನು ಎತ್ತಿಕೊಂಡು ನನ್ನ ಕಡೆ ನೋಡಿದರು. ಈ ಮಗುವಿನ ಹೆಸರೇನು ಎಂದರು. ಶುರು ಮಾಡಿದೆ. ಅರ್ಧಕ್ಕೆ ನಿಂತಿತು. ಮುಂದಿನ ಅಕ್ಷರ ಕಣ್ಣಿಗೆ ಕಾಣುತ್ತಿದೆ, ನಾಲಿಗೆ ಏಳುತ್ತಿಲ್ಲ. ಹೇಳಿಕೊಡಲು ಬಾಯಿ ತೆರೆದ ಮಗನ ಕೈಯನ್ನು ಸಾರಮ್ಮ ಹಿಸುಕಿದಳು.

"ನಿಧಾನಕ್ಕೆ ಹೇಳಿ ಮೇಸ್ತ್ರಿ, ನೀರು ಇಲ್ಲೇ ಇರುತ್ತೆ" ಎಂದರು ಅಯ್ಯನವರು.

ಉಸಿರು ಬಿಟ್ಟು ಮತ್ತೆ ಮೊದಲಿಂದ ಹೊರಟೆ.

"ನಿರೀಕ್ಷಾ."

ತಲೆಗೆ ನೀರು ಬಿದ್ದು ಮಗು ಕಿರುಚಿತು. ಅದಕ್ಕಿಂತ ಜೋರಾಗಿ ನಾನು ಅತ್ತೆ.

ಎಲ್ಲ ಮಾತೂ ಬಂದಿಲ್ಲ. ಊಟಕ್ಕೆ ಕೂತಾಗ ಉಪ್ಪನ್ನು ಇವತ್ತಿಗೂ ಕೈ ತೋರಿಸಿಯೇ ಕೇಳುತ್ತೇನೆ. ಇನ್ನೆಷ್ಟು ಬರುತ್ತದೆಂದು ಹೇಳುವುದು ಕಷ್ಟ ಎನ್ನುತ್ತಾರೆ ಡಾಕ್ಟರು. ಬಂದಷ್ಟಕ್ಕೆ ದೇವರಿಗೆ ಸ್ತೋತ್ರ. ದಿನಾ ಬೆಳಿಗ್ಗೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಾನೆಂದೂ ಕಾಣದ ಪುಟಗಳನ್ನು ಗಟ್ಟಿಯಾಗಿ ಓದುತ್ತೇನೆ. ಅವಳು ನನ್ನ ಬಾಯನ್ನೇ ನೋಡುತ್ತಾಳೆ. ರೊಟ್ಟಿ ಆರಿಹೋಯಿತು, ಓದಿದ್ದು ಸಾಕು ಬನ್ನಿ ಎಂದು ಸಾರಮ್ಮ ಅಡುಗೆಮನೆಯಿಂದ ಕೂಗುತ್ತಾಳೆ.

"ಇನ್ನೊಂದು ಹೆಸ್ರು, ಸಾರಾ" ಎನ್ನುತ್ತೇನೆ.